ಪುಸ್ತಕದಲ್ಲಿದ್ದ ಹಾಗೆ ತೆಗೆದಿಲ್ಲ

ಗೂಢಚಾರ ಸಿನಿಮಾ ನೋಡಿ ಬಂದವರು ‘ಪುಸ್ತಕದಲ್ಲಿದ್ದ ಹಾಗೆ ತೆಗೆದಿಲ್ಲ’ ಎಂದು ಮೂಗು ಮುರಿದರೆ ನನಗೆ ಈಗಲೂ ರೇಗುತ್ತದೆ. ಇದ್ದ ಹಾಗೇ ತೆಗೆದರೆ ಏನಾಗುತ್ತದೆ ಎಂಬುದನ್ನು ನಾನು ಹೊನ್ನಾಳಿಯ ಟೆಂಟಿನಲ್ಲಿ, ಹೆಂಗಸರ ಕಡೆ ನೆಲದ ಮೇಲೆ ಕೂತು, ಜೀವ ಕೈಯಲ್ಲಿ ಹಿಡಿದುಕೊಂಡು ನೋಡಿದವಳು.

ಎಪ್ಪತ್ತರ ದಶಕದ ಮಾತು. ನಾವು ನ್ಯಾಮತಿಯಲ್ಲಿದ್ದೆವು. ಅಪ್ಪ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟ್. ಶಿವಮೊಗ್ಗದ ಬಾಡಿಗೆ ಲೈಬ್ರರಿಯಿಂದ ಕಂಡಕ್ಟರುಗಳು ಅವನಿಗೆ ಪತ್ತೇದಾರಿ ಕಾದಂಬರಿ ತಂದುಕೊಡುತ್ತಿದ್ದರು. ಮಧ್ಯಾಹ್ನ ಉಂಡ ಮೇಲೆ, ಮುಂದಿನ ಬಸ್ಸು ಬರುವವರೆಗೆ, ಅಕ್ಕಿ ಆರಿಸುತ್ತ ಕೂತ ಅವ್ವನಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ.

ಅವ್ವನ ಒಬ್ಬನೇ ತಮ್ಮ ಮಿಲಿಟರಿಯಲ್ಲಿದ್ದ. ಯುದ್ಧ ಮುಗಿದರೂ ಅವನು ಬರಲಿಲ್ಲ. ಪತ್ತೆಯಿಲ್ಲ ಎಂದಷ್ಟೇ ಸರ್ಕಾರ ತಿಳಿಸಿತ್ತು. ಚನ್ನಗಿರಿಯ ತವರಿನವರು ಕಾದು ಕಾದು ಸಾಕಾಗಿ, ಇನ್ನು ಕ್ರಿಯಾಕರ್ಮ ಮುಗಿಸಿಬಿಡೋಣ ಎನ್ನತೊಡಗಿದ್ದರು. ಅವ್ವ ಒಪ್ಪುತ್ತಿರಲಿಲ್ಲ. ಊಟವನ್ನೂ ಸರಿಯಾಗಿ ಮಾಡದೆ ದಿನದಿನಕ್ಕೆ ಸೊರಗುತ್ತಿದ್ದಳು.

ಅಂಥ ಹೊತ್ತಿನಲ್ಲಿ ಆ ಕಾದಂಬರಿ ಮನೆಗೆ ಬಂತು. ಗಡಿಯಾಚೆ ಸಿಕ್ಕಿಬಿದ್ದ ನಮ್ಮ ಗೂಢಚಾರನೊಬ್ಬನ ಕಥೆ. ಮೊರದಲ್ಲಿ ಕೈಯಿಟ್ಟ ಅವ್ವ ಅಕ್ಕಿಯನ್ನೇ ಮರೆತು ಕೇಳಿದಳು. ಕೊನೆಯ ಅಧ್ಯಾಯದಲ್ಲಿ ಅವನು ಜೈಲಿನಿಂದ ತಪ್ಪಿಸಿಕೊಂಡು, ಹೊಳೆ ಈಜಿ, ಹೇಗೋ ತನ್ನೂರು ಸೇರಿ ಅಕ್ಕನ ಮನೆಯ ಬಾಗಿಲು ತಟ್ಟುತ್ತಾನೆ. ಗುರುತು ಸಿಗದೆ ಬೀದಿನಾಯಿ ಬೊಗಳುತ್ತದೆ. ಅಕ್ಕ ಬಾಗಿಲು ತೆಗೆಯುತ್ತಾಳೆ. ಅವತ್ತು ಅವ್ವ ತಾನಾಗಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡು ತಿಂದಳು.

ಆಗ ನಾನು ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಪುಸ್ತಕ ವಾಪಸು ಹೋಗುವ ಮುಂಚೆ ಕೈಗೆತ್ತಿಕೊಂಡರೆ, ಅದರಲ್ಲಿ ಅಕ್ಕನೇ ಇಲ್ಲ! ನಾಯಿಯೂ ಇಲ್ಲ. ಹೊಳೆಯ ನಡುವೆ ಅವನಿಗೆ ಗುಂಡು ಬೀಳುತ್ತದೆ, ಪುಸ್ತಕ ಅಲ್ಲಿಗೇ ಮುಗಿಯುತ್ತದೆ. ಬಸ್‌ಸ್ಟ್ಯಾಂಡಿಗೆ ಹೋಗಿ ಅಪ್ಪನನ್ನು ಕೇಳಿಯೇಬಿಟ್ಟೆ.

“ನಿಮ್ಮವ್ವನ ಮುಖ ನೋಡ್ಕೊಂತ ಆ ಸಾಲು ಓದಾಕೆ ನಾಲಿಗೆ ಹೊರಳಲಿಲ್ಲ. ನೀನು ಸುಮ್ನೆ ಇದ್ಬಿಡು” ಎಂದ.

ಸುಮ್ಮನಿದ್ದೆ. ಆದರೆ ಸಿನಿಮಾದವರು ಸುಮ್ಮನಿರಬೇಕಲ್ಲ? ಅದೇ ಕಾದಂಬರಿಯನ್ನು ತೆಗೆದರು. ಜಗಳೂರಿನಲ್ಲಿ ಓಡಿ, ಮೈತುಂಬ ಗೀರು ಬಿದ್ದ ಪ್ರಿಂಟು ಹೊನ್ನಾಳಿಯ ಟೆಂಟಿಗೆ ಬಂತು. ಯಾವತ್ತೂ ಸಿನಿಮಾ ಬೇಕೆನ್ನದ ಅವ್ವ ಇದನ್ನು ನೋಡಲೇಬೇಕೆಂದು ಹಟ ಹಿಡಿದಳು. ಸಿನಿಮಾದವರು ಕಥೆ ಕೆಡಿಸಿರುತ್ತಾರೆ ಎಂದು ಅಪ್ಪ ಹೇಳಿ ನೋಡಿದ. ಅಕ್ಕ ಬಾಗಿಲು ತೆಗೆಯುವುದೊಂದನ್ನು ಕಂಡರೆ ತನಗೆ ಸಾಕು ಎಂದಳು ಅವ್ವ.

ಟೆಂಟಿನಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ಮಣ್ಣಿನ ಮೋಟು ಗೋಡೆ. ಅಪ್ಪ ಆಚೆ ಕೂತ. ನಾನು ಅವ್ವನ ಪಕ್ಕ. ಮೊದಲನೇ ಆಟ ಶುರುವಾಯಿತು.

ಪುಸ್ತಕದಲ್ಲಿ ಗೂಢಚಾರ ಕೆಮ್ಮಿನ, ಬಕ್ಕತಲೆಯ ಮನುಷ್ಯ. ಪರದೆಯ ಮೇಲೆ ಬಂದವನಿಗೆ ತಲೆತುಂಬ ಕೂದಲು, ಕಾಲಿಗೆ ಬಿಳಿ ಬೂಟು. ನನಗೆ ಧೈರ್ಯ ಬಂತು. ಪುಸ್ತಕದಲ್ಲಿಲ್ಲದ ನಾಯಕಿ ಬಂದು ತೋಟದಲ್ಲಿ ಹಾಡಿದಾಗ ಇನ್ನಷ್ಟು ಧೈರ್ಯ. ಇಷ್ಟು ಸುಳ್ಳು ಹೇಳಿದವರಿಗೆ ಕೊನೆಯಲ್ಲೊಂದು ಸುಳ್ಳು ಹೇಳುವುದು ಭಾರವೇ ಎಂದುಕೊಂಡೆ. ಆದರೆ ಅವನು ಗಡಿ ದಾಟಿದ್ದೇ ತಡ, ಸಿನಿಮಾ ಪುಸ್ತಕದ ಬೆನ್ನು ಹತ್ತಿತು. ಅದೇ ಚಹಾದಂಗಡಿ, ಮೋಸ ಮಾಡುವ ಅದೇ ಗೆಳೆಯ, ಜೈಲಿನ ಗೋಡೆಯ ಮೇಲೆ ಉಗುರಿನಿಂದ ಗೀಚಿದ ಅದೇ ಗೆರೆಗಳು. ‘ಹಂಗೇ ಐತೆ, ಓದಿದಂಗೇ ಐತೆ’ ಎಂದು ಅವ್ವ ಪಕ್ಕದವರಿಗೆಲ್ಲ ಸಂಭ್ರಮದಿಂದ ಹೇಳುತ್ತಿದ್ದಳು. ಅವಳು ಹಾಗಂದಾಗಲೆಲ್ಲ ಇನ್ನೊಂದು ಹಾಡು ಬರಲಿ, ದೇವರೇ, ಎಂದು ಬೇಡಿಕೊಂಡೆ. ಬರಲಿಲ್ಲ.

ಅಲ್ಲಿ ಇದ್ದದ್ದು ಒಂದೇ ಮಷೀನು. ಪ್ರತಿ ರೀಲು ಮುಗಿದಾಗಲೂ ದೀಪ ಹಾಕಿ, ಇನ್ನೊಂದು ರೀಲು ಏರಿಸಬೇಕಿತ್ತು. ಕೊನೆಯ ರೀಲಿಗೆ ಮುಂಚೆ ದೀಪ ಹತ್ತಿದಾಗ ಕಡಲೆಕಾಯಿ ಮಾರುವವನು ನಮ್ಮ ಹತ್ತಿರ ಬಂದು, ಏಜೆಂಟರು ಹೇಳಿ ಕಳಿಸಿದ್ದಾರೆ, ನ್ಯಾಮತಿಗೆ ಕೊನೆಯ ಬಸ್ಸು ಹೊರಡುತ್ತದಂತೆ, ಬೇಗ ಏಳಬೇಕಂತೆ ಎಂದ.

ನಾನು ಎದ್ದೇಬಿಟ್ಟೆ. ಅವ್ವ ಸೆರಗು ಹಿಡಿದು ಎಳೆದು ಕೂರಿಸಿದಳು.

“ಏಜೆಂಟ್ರನ್ನ ಬಿಟ್ಟು ಬಸ್ ಹೆಂಗೆ ಹೋಕ್ಕತೆ? ನಿಂತಿರ್ತೈತೆ ಅಂತ ಹೇಳಪ್ಪ.”

ದೀಪ ಆರಿತು. ಗೋಡೆಯಾಚೆ ಅಪ್ಪ ಪರದೆಗೆ ಬೆನ್ನು ಹಾಕಿ ನಮ್ಮ ಕಡೆಗೇ ತಿರುಗಿ ನಿಂತಿದ್ದ. ಹಿಂದಿನವರು ಬೈದರೂ ಕೂರಲಿಲ್ಲ. ಪರದೆಯ ಮೇಲೆ ಹೊಳೆ ಬಂತು. ಅವನು ನೀರಿಗಿಳಿದ. ಅವ್ವ ನನ್ನ ಮಣಿಕಟ್ಟು ಹಿಡಿದಿದ್ದಳು. ಬಳೆ ಒತ್ತಿ ಚರ್ಮ ಉರಿಯುತ್ತಿತ್ತು. ನಡುಹೊಳೆಯಲ್ಲಿ ಗುಂಡು ಬಿತ್ತು. ಅವನು ಮುಳುಗಿದ, ನೀರು ಸಮವಾಯಿತು, ಪರದೆ ಬೆಳ್ಳಗಾಯಿತು. ಕೊನೆಯಲ್ಲಿ ಬರೆದವನಿಗೆ ಕಿಂಚಿತ್ತೂ ಮೋಸ ಮಾಡದ ಆ ಡೈರೆಕ್ಟರನಿಗೆ ನಾನು ಮನಸಾರೆ ಶಾಪ ಹಾಕಿದೆ.

ಬಸ್ಸು ನಿಂತೇ ಇತ್ತು. ಅಪ್ಪ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತ, ಒಮ್ಮೆಯೂ ತಿರುಗಲಿಲ್ಲ. ಅವ್ವ ತುಟಿ ಬಿಚ್ಚಿದ್ದು ಊರು ಹತ್ತಿರ ಬಂದ ಮೇಲೆ.

“ಪುಸ್ತಕ ನೀನೂ ಓದಿದ್ದೆಯಲ್ಲ. ಅದ್ರಾಗೆ ಬರ್ತಾನಲ್ಲ?”

ಅಪ್ಪನ ಕುತ್ತಿಗೆ ಬಿಗಿದದ್ದು ನನಗೆ ಹಿಂದಿನಿಂದಲೇ ಕಂಡಿತು.

“ಬರ್ತಾನವ್ವ” ಎಂದೆ.

ಮಾರನೆಯ ದಿನ ಕೇರಿಯವರಿಗೆಲ್ಲ ಅವ್ವ ಸಾರಿಬಿಟ್ಟಳು: ಆ ಸಿನಿಮಾಕ್ಕೆ ಹೋಗಬೇಡಿ, ಪುಸ್ತಕದಲ್ಲಿದ್ದ ಹಾಗೆ ತೆಗೆದಿಲ್ಲ. ಚನ್ನಗಿರಿಯವರಿಗೂ ಕ್ರಿಯಾಕರ್ಮದ ಮಾತು ಎತ್ತಬೇಡಿರೆಂದು ಹೇಳಿ ಕಳಿಸಿದಳು. ಮಾವ ಬರಲಿಲ್ಲ. ಅವ್ವ ಇರುವವರೆಗೆ ಅವನ ಕ್ರಿಯಾಕರ್ಮವೂ ಆಗಲಿಲ್ಲ.

ಸಿನಿಮಾ ನೋಡಿ ಬಂದ ಮಾರನೆಯ ಮಧ್ಯಾಹ್ನ ಅವ್ವ ಮೊರ ಮುಂದಿಟ್ಟುಕೊಂಡು, ಕಡೇ ಅಧ್ಯಾಯ ಮತ್ತೊಮ್ಮೆ ಓದಿರೆಂದು ಅಪ್ಪನಿಗೆ ಹೇಳಿದಳು. ಆ ಪುಸ್ತಕ ವಾಪಸು ಹೋಗಿ ಎಷ್ಟೋ ಕಾಲವಾಗಿತ್ತು. ಅಪ್ಪ ಒಳಗೆ ಹೋಗಿ ಬೇರೊಂದು ಕಾದಂಬರಿ ಹಿಡಿದುಕೊಂಡು ಬಂದ. ಆ ಪುಸ್ತಕದ ರಟ್ಟಿನ ಮೇಲೆ ಮುಳ್ಳುತಂತಿಯಿತ್ತು, ಇದರ ಮೇಲೆ ಕೆಂಪು ಕಾರು. ಅವ್ವ ರಟ್ಟನ್ನು ಒಂದು ಗಳಿಗೆ ನೋಡಿ, ಅಕ್ಕಿಗೆ ಕೈ ಹಾಕಿದಳು. ಅಪ್ಪ ಕೊನೆಯ ಪುಟ ತೆರೆದು ಶುರುಮಾಡಿದ. ಹೊಳೆ ದಾಟಿಸಿದ, ಊರು ಸೇರಿಸಿದ, ಬಾಗಿಲು ತಟ್ಟಿಸಿದ. ಅವಸರದಲ್ಲಿ ಅಕ್ಕನ ಕೈಯಿಂದ ಬಾಗಿಲು ತೆಗೆಸಿಯೇಬಿಟ್ಟ.

“ನಾಯಿ ಬಿಟ್ರಿ” ಎಂದಳು ಅವ್ವ, ಮೊರದಿಂದ ಕಣ್ಣೆತ್ತದೆ. “ಪುಸ್ತಕದಾಗೆ ಇದ್ದಂಗೆ ಓದ್ರಿ.”

ಅಪ್ಪ ಒಂದು ಪುಟ ಹಿಂದಕ್ಕೆ ತಿರುವಿ, ನಾಯಿ ಬೊಗಳಿದ್ದನ್ನು ಓದಿದ.