ದೇವರ ಮೂಲಕ ಜಗಳ

ನಮ್ಮಮ್ಮನ ಪ್ರಾರ್ಥನೆಗೆ ಬೊಮ್ಮಸಂದ್ರದಿಂದ ಅತ್ತಿಬೆಲೆಯವರೆಗೆ ಹೆಸರಿತ್ತು. ಯಾರಿಗೆ ಕಾಯಿಲೆಯಾದರೂ, ಯಾರ ಕೆಲಸ ಹೋದರೂ ಅವಳನ್ನೇ ಕರೆಯುತ್ತಿದ್ದರು. ಕಣ್ಣು ಮುಚ್ಚಿ ‘ಪರಲೋಕದ ತಂದೆಯೇ’ ಎಂದು ಶುರು ಮಾಡಿದಳೆಂದರೆ ಒಲೆಯ ಮೇಲಿನ ಅನ್ನ ತಳ ಹಿಡಿದರೂ ನಿಲ್ಲಿಸುವವಳಲ್ಲ. ತೊಂದರೆ ಇಷ್ಟೇ, ದೇವರಿಗೆ ಹೇಳುವ ನೆಪದಲ್ಲಿ ಪಕ್ಕದಲ್ಲಿ ಕೂತವರಿಗೆ ಹೇಳುವ ಚಾಳಿ ಅವಳಿಗೆ ಅಂಟಿಕೊಂಡಿತ್ತು. ‘ಕರ್ತನೇ, ನನ್ನ ಮಗಳಿಗೆ ಬೆಳಿಗ್ಗೆ ಬೇಗ ಏಳುವ ಮನಸ್ಸು ಕೊಡು’ ಎಂದು ಅವಳು ಬೇಡಿದರೆ ದೇವರಿಗೆ ಮುಟ್ಟಿತೋ ಇಲ್ಲವೋ, ನನಗಂತೂ ಮುಟ್ಟುತ್ತಿತ್ತು.

ಅಮ್ಮನ ಒಬ್ಬಳೇ ತಂಗಿ, ನನ್ನ ಚಿಕ್ಕಮ್ಮ, ಪಕ್ಕದ ಮನೆಯಲ್ಲೇ ಇದ್ದಳು. ತಾತ ಇಬ್ಬರಿಗೂ ಕೊಟ್ಟ ಜಾಗ, ನಡುವೆ ಎದೆಯೆತ್ತರದ ಗೋಡೆ. ಸಾರು, ಮೀನು, ಊರ ಸುದ್ದಿ ಎಲ್ಲ ಆ ಗೋಡೆಯ ಮೇಲೆಯೇ ದಾಟುತ್ತಿದ್ದವು. ಚಿಕ್ಕಪ್ಪ ತೀರಿಕೊಂಡ ಮೇಲೆ ಚಿಕ್ಕಮ್ಮ ಹಳೆಯ ಮನೆ ಕೆಡವಿ, ಬಾಡಿಗೆಗೆ ಕೊಡಲೆಂದು ಮಹಡಿ ಮನೆ ಕಟ್ಟಿಸಿದಳು. ರಸ್ತೆ ಇದ್ದದ್ದು ದಕ್ಷಿಣಕ್ಕೆ. ಮೇಸ್ತ್ರಿ ತಲೆಯಾಡಿಸಿಬಿಟ್ಟ.

“ದಕ್ಷಿಣಕ್ಕೆ ಬಾಗಿಲಿಟ್ರೆ ಒಂದು ನರಪಿಳ್ಳೆನೂ ಬಾಡಿಗೆಗೆ ಬರಲ್ಲ ಅಕ್ಕಾ. ಈಗಿನೋರು ಮೊದಲು ಕೇಳೋದೇ ವಾಸ್ತು.”

ಚಿಕ್ಕಮ್ಮ ಬಾಗಿಲನ್ನು ಪೂರ್ವಕ್ಕೆ, ನಮ್ಮ ಗೋಡೆಯ ಪಕ್ಕದ ಸಂದಿಗೆ ತಿರುಗಿಸಿದಳು. ಆ ಸಂದಿಯಲ್ಲಿ ಫ್ರಿಜ್ಜು ಒಳಗೂ ಹೋಗದೆ ಹೊರಗೂ ಬಾರದೆ ಅರ್ಧ ದಿನ ನಿಂತಿತ್ತು. ಆದರೆ ಮೇಸ್ತ್ರಿ ಹೇಳಿದ್ದು ಸುಳ್ಳಾಗಲಿಲ್ಲ, ಮಹಡಿಗೆ ಬೇಗನೆ ಜನ ಬಂದರು.

ಅಮ್ಮನಿಗೆ ಮೈ ಉರಿಯಿತು. ಏಸುವನ್ನು ನಂಬಿದವಳಿಗೆ ವಾಸ್ತುವೇ? ಆ ಬುಧವಾರ ಹೆಂಗಸರ ಮನೆ ಪ್ರಾರ್ಥನೆಯಲ್ಲಿ ಅವಳೇ ಪಾಠ ಹೇಳಿದಳು: ಮೇಲಿನಿಂದ ಬರುವ ಜ್ಞಾನ, ಈ ಲೋಕದ ಜ್ಞಾನ. ದೇವರು ಕೊಡುವ ಜ್ಞಾನ ಮೆತ್ತಗಿರುತ್ತದೆ, ಸಮಾಧಾನ ತರುತ್ತದೆ, ಇನ್ನೊಬ್ಬರ ಮಾತಿಗೂ ಕಿವಿಗೊಡುತ್ತದೆ; ಲೋಕದ ಜ್ಞಾನ ಹೊಟ್ಟೆಕಿಚ್ಚಿಗೆ, ಜಗಳಕ್ಕೆ ತಂದು ನಿಲ್ಲಿಸುತ್ತದೆ ಎಂದು ಚೆನ್ನಾಗಿಯೇ ಬಿಡಿಸಿ ಹೇಳಿದಳು. ಅಲ್ಲಿಗೆ ಬಾಯಿ ಮುಚ್ಚಿದ್ದರೆ ಸಾಕಿತ್ತು. ಮುಚ್ಚಿದ್ದು ಕಣ್ಣು.

“ನಾಲ್ಕು ದಿಕ್ಕನ್ನೂ ಉಂಟುಮಾಡಿದ ಕರ್ತನೇ, ಮೇಸ್ತ್ರಿಯ ಮಾತಿಗೆ ಮರುಳಾಗಿ ಒಂದೇ ದಿಕ್ಕನ್ನು ಹಿಡಿದುಕೊಂಡಿರುವ ನಿನ್ನ ಮಗಳನ್ನು ಕ್ಷಮಿಸು.”

ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಹೆಂಗಸರೆಲ್ಲ ‘ಆಮೆನ್’ ಅಂದು, ಒಂದೊಂದೇ ಕಣ್ಣು ತೆರೆದು ಚಿಕ್ಕಮ್ಮನನ್ನು ನೋಡಿದರು. ಅವಳ ಮುಖ ಸುಟ್ಟ ಬದನೆಕಾಯಿಯ ಹಾಗಾಗಿತ್ತು.

ಮುಂದಿನ ಬುಧವಾರ ಪ್ರಾರ್ಥನೆಯ ಸರದಿ ಚಿಕ್ಕಮ್ಮನದು. “ಕರ್ತನೇ, ಮನೆಗೆ ಬಾಗಿಲಿದ್ದೂ ಬಾಯಿಗೆ ಬಾಗಿಲಿಲ್ಲದವರನ್ನು ನೆನೆಸಿಕೋ” ಅಂದಳು. ಅಲ್ಲಿಂದ ಶುರುವಾಯಿತು ನೋಡಿ. ಗೋಡೆಯಾಚೆಗೆ ಹೇಳಬೇಕಾದ ಮಾತನ್ನು ಅಕ್ಕತಂಗಿಯರಿಬ್ಬರೂ ಪರಲೋಕಕ್ಕೆ ಕಳಿಸಿ ಅಲ್ಲಿಂದ ಇಳಿಸತೊಡಗಿದರು. ಗೋಡೆಯ ಮೇಲೆ ಸಾರು ದಾಟುವುದು ನಿಂತಿತು. ಅಮ್ಮ ಮೀನು ತರುವುದನ್ನೇ ಬಿಟ್ಟಳು; ತಂಗಿ ಜೊತೆಗಿಲ್ಲದೆ ಮುಳ್ಳು ಬಿಡಿಸಿಕೊಂಡು ತಿನ್ನಲು ಬೇಜಾರಂತೆ.

“ಹೋಗಿ ಒಂದು ಮಾತಾಡಮ್ಮ” ಅಂದೆ.

“ಪ್ರಾರ್ಥನೆ ಮಾಡ್ತಾನೇ ಇದ್ದೀನಲ್ಲ, ಇನ್ನೇನು ಮಾಡ್ಲಿ?”

“ಪ್ರಾರ್ಥನೆ ಮಾಡಿದ್ದಕ್ಕೇ ತಾನೇ ಹಿಂಗಾಗಿರೋದು” ಅಂದದ್ದಕ್ಕೆ ಅವತ್ತು ನನಗೆ ಕಾಫಿ ಸಿಗಲಿಲ್ಲ.

ಅಷ್ಟರಲ್ಲಿ ಚಿಕ್ಕಮ್ಮ ತಾನಿದ್ದ ಕೆಳಗಿನ ಮನೆಯನ್ನೂ ಬಾಡಿಗೆಗೆ ಕೊಟ್ಟು ಚಿಕ್ಕಬಾಣಾವರದ ಮಗಳ ಮನೆಗೆ ಹೊರಟಳೆಂಬ ಸುದ್ದಿ ಬಂತು. ಬೇರೆಯವರ ಬಾಯಿಂದ ಬಂತು. ಬೊಮ್ಮಸಂದ್ರವಿರುವುದು ನಗರದ ಈ ತುದಿಗೆ, ಚಿಕ್ಕಬಾಣಾವರ ಆ ತುದಿಗೆ. ಹೋಗಿ ಬಂದರೆ ಒಂದು ದಿನವೇ ಮುಗಿಯಿತು. ಅಡುಗೆಮನೆಯಲ್ಲಿ ಅಮ್ಮನ ಪಾತ್ರೆಗಳ ಸದ್ದು ಜೋರಾಯಿತು. ನನಗೆ ಅವಳ ಮೇಲೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು.

ಮನೆ ಬಿಡುವ ಮುನ್ನ ಪ್ರಾರ್ಥನೆ ಇಡಿಸುವುದು ನಮ್ಮಲ್ಲಿ ರೂಢಿ. ಚಿಕ್ಕಮ್ಮನೂ ಇಡಿಸಿದಳು. ಗಂಟುಮೂಟೆಗಳ ನಡುವೆ ಚಾಪೆ ಹಾಸಿ ಕೂತೆವು. ಕೊನೆಯ ಪ್ರಾರ್ಥನೆ ಹಿರಿಯಳಾದ ಅಮ್ಮನೇ ಮಾಡಬೇಕಿತ್ತು. ಇವತ್ತು ಎಂಟು ದಿಕ್ಕನ್ನೂ ಎಳೆದು ತರುತ್ತಾಳೆಂದು ನಾನು ಉಸಿರು ಬಿಗಿಹಿಡಿದೆ.

“ಪರಲೋಕದ ತಂದೆಯೇ, ಈ ಮನೆಯನ್ನು, ಈ ನಿನ್ನ ಮಗಳನ್ನು...” ಅಂದವಳು ನಿಂತುಬಿಟ್ಟಳು. ನಾನು ಕಣ್ಣು ತೆರೆದೆ. ಅಮ್ಮನೂ ತೆರೆದಿದ್ದಳು.

“ಸ್ವಲ್ಪ ತಾಳು ತಂದೆ” ಎಂದು ಮೆಲ್ಲಗೆ ಹೇಳಿ ತಂಗಿಯ ಕಡೆ ತಿರುಗಿದಳು. “ಬಾಗಿಲಿನ ಮಾತು ನಿನ್ನ ಹತ್ರಾನೇ ಆಡ್ಬೇಕಿತ್ತು ಕಣೇ. ದೇವರ ಹೆಸರಲ್ಲಿ ಎಲ್ಲರ ಮುಂದೆ ನಿನ್ನ ಮಾನ ಕಳೆದೆ. ತಪ್ಪಾಯ್ತು. ಹೋಗ್ಬೇಡ, ನೀನಿಲ್ದೆ ನಂಗಾಗಲ್ಲ.”

ಕಣ್ಣು ಮುಚ್ಚಿ ಕೂತಿದ್ದ ಹೆಂಗಸರು ಇದೂ ಪ್ರಾರ್ಥನೆಯೇ ಅಂದುಕೊಂಡು ‘ಆಮೆನ್’ ಅಂದರು.

ಚಿಕ್ಕಮ್ಮ ಎದ್ದು ಬಂದು ಅಮ್ಮನಿಗೆ ಒತ್ತಿಕೊಂಡು ಕೂತಳು. ಸೆರಗಿನಿಂದ ಮೊದಲು ಅಕ್ಕನ ಮುಖ ಒರೆಸಿದಳು, ಆಮೇಲೆ ತನ್ನದು.

“ಬಾಡಿಗೆಯೋರಿಗೆ ಬೀಗದ ಕೈ ಕೊಟ್ಟಾಯ್ತಲ್ಲ ಅಕ್ಕಾ” ಅಂದಳು. “ಹೋದ ತಿಂಗಳು ಗೋಡೆ ಹತ್ರ ಬಂದು ಇಷ್ಟು ಹೇಳಿದ್ರೆ ನಾನು ಹೋಗ್ತಾನೇ ಇರ್ಲಿಲ್ಲ.”