ಭಾವ ಬಿಟ್ಟುಬಂದ ಬೆಕ್ಕು

ತಾವು ದಯಾಳು ಎಂಬ ವಿಷಯದಲ್ಲಿ ನನ್ನ ಭಾವನಿಗೆ ಎಂದೂ ಅನುಮಾನವಿರಲಿಲ್ಲ. ದುಬೈಯಿಂದ ಮರಳಿ ಮಡಂತ್ಯಾರಿನಲ್ಲಿ ಹೊಸ ಮನೆ ಕಟ್ಟಿಸಿದ ಮೇಲೆ ಅವರಿಗೆ ಉಳಿದ ಒಂದೇ ಚಿಂತೆ ನೆಲದ ಬಿಳಿ ಟೈಲ್ಸಿನದು. ಅಕ್ಕ ಸಾಕಿದ್ದ ಬೂದು ಬೆಕ್ಕು ಒಂದು ಮಳೆಗಾಲದ ಬೆಳಿಗ್ಗೆ ಅದರ ಮೇಲೆ ಕೆಸರುಗಾಲಿಟ್ಟಿತು. ಭಾವ ಅದನ್ನು ಗೋಣಿಗೆ ತುರುಕಿ, ಬಾಯಿ ಬಿಗಿದು, ಬಂಟ್ವಾಳಕ್ಕೆ ಕೊಂಡೊಯ್ದು ಮೀನು ಮಾರ್ಕೆಟಿನ ಹಿಂದೆ ಬಿಟ್ಟುಬಂದರು.

ಅಕ್ಕ ಅಳುತ್ತ ನನಗೆ ಫೋನು ಮಾಡಿದಳು. ಭಾವ ಅವಳ ಕೈಯಿಂದ ಫೋನು ತೆಗೆದುಕೊಂಡರು.

"ಕೊಂದದ್ದೇನೂ ಅಲ್ಲವಲ್ಲ ಮಾರಾಯ್ತಿ! ಅಲ್ಲಿ ಬೇಕಾದಷ್ಟು ಮೀನುಂಟು. ನಮಗಿಂತ ಚೆನ್ನಾಗಿ ತಿಂದುಕೊಂಡು ಇರ್ತದೆ."

ನಮ್ಮ ಕಡೆ ಇಂಥ ಪುಣ್ಯವಂತರಿಗೆ ಬರವಿಲ್ಲ. ಬೇಡವಾದ ಬೆಕ್ಕನ್ನು ಮೀನಿನ ವಾಸನೆ ಇರುವಲ್ಲಿ ಬಿಟ್ಟುಬಿಟ್ಟರೆ ಅವರ ಮನಸ್ಸು ಗಂಗಾಸ್ನಾನ ಮಾಡಿದಷ್ಟು ಹಗುರ.

ನಾನು ಮೂಡುಬಿದಿರೆಯಲ್ಲಿ ಬಾಡಿಗೆ ಮನೆ ಹಿಡಿದು ಹೊಲಿಗೆ ಕೆಲಸ ಮಾಡುವವಳು. ಮರುದಿನ ಮಿಷನ್ ಮುಚ್ಚಿಟ್ಟು ಬಸ್ ಹತ್ತಿದೆ. ಬೆಕ್ಕು ಮುರಿದ ಮೀನಿನ ಪೆಟ್ಟಿಗೆಗಳ ಸಂದಿಯಲ್ಲಿ ಮುದುಡಿ ಕುಳಿತಿತ್ತು. ಭಾವ ಹೇಳಿದ ಬೇಕಾದಷ್ಟು ಮೀನು ಅಲ್ಲಿದ್ದದ್ದು ನಿಜ. ಅದಕ್ಕೆ ಬೇಕಾದಷ್ಟು ದಾಂಡಿಗ ಬೆಕ್ಕುಗಳೂ ಇದ್ದವು. ಇದರ ಒಂದು ಕಿವಿ ಹರಿದಿತ್ತು. ಟವೆಲಿನಲ್ಲಿ ಸುತ್ತಿ ಬುಟ್ಟಿಯೊಳಗಿಟ್ಟು ಮನೆಗೆ ತಂದೆ.

ತಂದದ್ದೇ ತಡ, ಅದು ಬಟ್ಟೆ ಕಪಾಟಿನ ಕೆಳಗೆ ಸೇರಿಕೊಂಡಿತು. ನಾನು ಕೋಣೆಯಿಂದ ಹೊರಗೆ ಹೋದ ಮೇಲೆಯೇ ತಟ್ಟೆ ಮುಟ್ಟುತ್ತಿತ್ತು. ತರಕಾರಿಯ ಪ್ಲಾಸ್ಟಿಕ್ ಚೀಲ ಸರಬರ ಎಂದರೂ ಸಾಕು, ಗೋಡೆಗೆ ಅಂಟಿ ನಡುಗುತ್ತಿತ್ತು.

ಉಪದೇಶಕ್ಕೆ ಮಾತ್ರ ಕೊರತೆಯಾಗಲಿಲ್ಲ. ಹೊಲಿಸಲು ಬರುವ ಒಬ್ಬ ಹೆಂಗಸು ಬಾಗಿ ನೋಡಿ, "ಕುತ್ತಿಗೆ ಹಿಡಿದು ಎಳೆದು ಮಡಿಲಲ್ಲಿ ಒತ್ತಿ ಕೂರಿಸಿ. ತನ್ನಿಂದ ತಾನೇ ಪಳಗ್ತದೆ," ಎಂದರು. ಕಂಕುಳಲ್ಲಿ ಕೂದಲೆಳೆಯಷ್ಟು ಬಿಗಿಯಾದರೂ ಉಸಿರು ಕಟ್ಟುತ್ತದೆಂದು ರವಿಕೆ ವಾಪಸು ತರುವವರು ಅವರು!

ನಾನು ಎಳೆಯಲಿಲ್ಲ. ಕಪಾಟಿಗೆ ಅರ್ಧ ಬೆನ್ನು ಹಾಕಿ, ಕಾಲು ಹಿಂದಕ್ಕೆ ಮಡಚಿ ನೆಲದಲ್ಲಿ ಕುಳಿತು ಸೀರೆಗೆ ಫಾಲ್ಸ್ ಹಚ್ಚುವ ಕೆಲಸ ಮಾಡತೊಡಗಿದೆ. ಒಂದು ಮಧ್ಯಾಹ್ನ ಕತ್ತರಿಸಿದ ಲೇಸಿನ ತುಂಡೊಂದು ನನ್ನ ಕಾಲಬೆರಳಿಗೆ ಸಿಕ್ಕಿ ಸ್ವಲ್ಪ ಅಲ್ಲಾಡಿತು. ಕಪಾಟಿನ ಕೆಳಗಿನಿಂದ ಬೂದು ಪಂಜವೊಂದು ಬಂದು ಅದನ್ನು ತಟ್ಟಿ ಒಳಗೆ ಹೋಯಿತು. ನಾನು ತಿರುಗದೆ ಕಾಲು ಇನ್ನಷ್ಟು ಸರಿಸಿದೆ. ಈ ಸಲ ಎರಡೂ ಪಂಜ ಬಂದವು.

ಆಮೇಲೆ ಕಸ ಗುಡಿಸುವ ಹಿಡಿಸೂಡಿಯ ಒಂದು ಕಡ್ಡಿಗೆ ಲೇಸು ಕಟ್ಟಿ ದಿನವೂ ಎಳೆದಾಡಿಸಿದೆ. ಆಟ ಮುಗಿದೊಡನೆ ಅದು ನುಂಗದಂತೆ ಎತ್ತಿಡುತ್ತಿದ್ದೆ. ಆಟದ ಅಮಲಿನಲ್ಲಿ ಅದು ನನ್ನನ್ನೇ ಮರೆತು ಪೂರ್ತಿ ಹೊರಗೆ ಬರುತ್ತಿತ್ತು. ನೆನಪಾದಾಗ ಹಾರಿ ಓಡುತ್ತಿತ್ತು. ಕೊನೆಗೊಮ್ಮೆ ಓಡಲಿಲ್ಲ. ನಾನು ಬೆರಳು ಚಾಚಿ ಸುಮ್ಮನೆ ಹಿಡಿದೆ. ಮೂಸಿತು, ತಣ್ಣನೆಯ ಮೂಗು ತಗುಲಿತು. ಆಮೇಲೆ ತಾನಾಗಿಯೇ ಕೆನ್ನೆ ಉಜ್ಜಿತು. ಕೆನ್ನೆಯಿಂದ ಕಿವಿಯ ಬುಡಕ್ಕೆ, ಅಲ್ಲಿಂದ ಬೆನ್ನಿಗೆ ನನ್ನ ಕೈ ಹೋಗಲು ಮಳೆಗಾಲವಿಡೀ ಬೇಕಾಯಿತು.

ಆಗ ಬಂದರು ಭಾವ, ಅಕ್ಕನನ್ನೂ ಕರೆದುಕೊಂಡು. ಕೈಯಲ್ಲಿ ಆನ್‌ಲೈನಿನಲ್ಲಿ ತರಿಸಿದ ಹೊಸ ಬುಟ್ಟಿ.

"ಬೆಕ್ಕು ಕೊಡು. ಇಲಿಗಳು ಕಾರಿನ ವಯರೆಲ್ಲ ಕಡಿದು ಹಾಕಿವೆ. ಅದು ಮೊದಲಿನಿಂದ ನಮ್ಮದೇ ಅಲ್ವಾ?"

"ನಿಮ್ಮದಾದರೆ ಕರೆಯಿರಿ ಭಾವ. ಬಂದರೆ ಕೊಂಡುಹೋಗಿ."

ಹೋಟೆಲಿನಲ್ಲಿ ಸಪ್ಲಾಯರನ್ನು ಕರೆಯುವ ಧಾಟಿಯಲ್ಲಿ ಅವರು "ಪುಚ್ಚೇ, ಪುಚ್ಚೇ" ಎಂದು ತುಳುವಿನಲ್ಲಿ ಕೂಗಿದರು. ಬೆಕ್ಕು ಆಗಲೇ ಕಪಾಟಿನ ಕೆಳಗಿತ್ತು. ನಾನು ಬೇಡವೆಂದರೂ ಕೇಳದೆ ನೆಲಕ್ಕೆ ಬಾಗಿ ತೋಳು ತೂರಿಸಿದರು. ಅದೇ ವೇಗದಲ್ಲಿ ತೋಳು ಹೊರಗೆ ಬಂತು, ಉದ್ದಕ್ಕೆ ಕೆಂಪು ಗೆರೆಗಳೊಂದಿಗೆ.

"ಅನ್ನ ಹಾಕಿದವರನ್ನೇ ಪರಚುವುದಾ? ನಿಯತ್ತಿಲ್ಲದ ಜಾತಿ!"

"ಅನ್ನ ಹಾಕಿದ್ದು ಅಕ್ಕ. ನೀವು ಹಾಕಿದ್ದು ಗೋಣಿಗೆ," ಎಂದೆ.

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಭಾವನ ಕೈಯನ್ನು ನಳ್ಳಿಯ ಕೆಳಗೆ ಸಾಬೂನು ಹಾಕಿ ತೊಳೆಸಿ, ಇಂಜೆಕ್ಷನ್‌ಗೆ ಕಳುಹಿಸಿದೆವು. ಸೂಜಿ ಎಂದರೆ ಅವರಿಗೆ ಭಯ. ಹೋಗುವಾಗ ಮುಖದಲ್ಲಿ ದಯೆಯ ಸುಳಿವೂ ಇರಲಿಲ್ಲ.

ಅಕ್ಕ ಅವರ ಜೊತೆ ಹೋಗಲಿಲ್ಲ. ನಾನು ಕೂರುವ ಜಾಗದಲ್ಲಿ ಕಪಾಟಿಗೆ ಬೆನ್ನು ಹಾಕಿ ಕುಳಿತಳು. ಕರೆಯಲಿಲ್ಲ, ಕೈ ಚಾಚಲೂ ಇಲ್ಲ. ತುಂಬ ಹೊತ್ತಿನ ಮೇಲೆ ಬೆಕ್ಕು ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಂಡು ಹೊರಗೆ ಬಂತು. ಅವಳ ಸೀರೆಯ ಅಂಚು ಮೂಸಿತು. ಮತ್ತೆ ತಲೆಯನ್ನು ಅವಳ ಅಂಗೈಯೊಳಗೆ ತೂರಿಸಿತು. ನನಗೆ ಹೊಟ್ಟೆಕಿಚ್ಚಾಯಿತು, ಕಣ್ಣೂ ತುಂಬಿತು.

"ಕೊಂಡುಹೋಗ್ತೀಯಾ?" ಎಂದು ಕೇಳಿದೆ.

"ಆ ಮನೆಗಾ? ಬೇಡ. ಇಲ್ಲೇ ಇರಲಿ. ನಾನೇ ಬರ್ತೇನೆ," ಎಂದಳು ಅಕ್ಕ, ಅದರ ಹರಿದ ಕಿವಿಯನ್ನು ಮೆಲ್ಲಗೆ ಸವರುತ್ತ.