ಇಂತಿ, ನಿಮ್ಮ ಹಿತೈಷಿ

ಮೊನ್ನೆ ಬೆಳಿಗ್ಗೆ ಎಂದಿನಂತೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು ಪೇಪರ್ ಎತ್ತಿಕೊಂಡೆ. ಒಳಗಿಂದ ಗುಲಾಬಿ ಬಣ್ಣದ ಕರಪತ್ರವೊಂದು ಜಾರಿ ರಂಗೋಲಿ ಮೇಲೆ ಬಿತ್ತು.

'ಹಾಲು ಹಾಕುವವರೇ ಎಚ್ಚರ! ಸಾಕಮ್ಮ ಗೆದ್ದರೆ ನಿಮ್ಮ ಬೋನಸ್ಸಿಗೆ ಕತ್ತರಿ!' ಕೊನೆಯಲ್ಲಿ, 'ಇಂತಿ, ನಿಮ್ಮ ಹಿತೈಷಿ.' ಹೆಸರಿಲ್ಲ. ಪ್ರೆಸ್ಸಿನ ಹೆಸರೂ ಇಲ್ಲ. (ಹಿತ ಬಯಸುವವರಿಗೆ ಇಷ್ಟೊಂದು ನಾಚಿಕೆ ಯಾಕೋ?)

ಸಾಕಮ್ಮ ನಮ್ಮ ಪಕ್ಕದ ಮನೆಯವಳು. ಊರಿನ ಹಾಲಿನ ಡೇರಿ ಚುನಾವಣೆಗೆ ನಿಂತಿರುವ ಒಬ್ಬಳೇ ಹೆಂಗಸು. ಅವಳು ಹೇಳಿದ್ದಿಷ್ಟೇ: ಈ ಸಲದ ಬೋನಸ್ಸಿನಲ್ಲಿ ಒಂದು ಪಾಲು ಉಳಿಸಿ ಫ್ಯಾಟ್ ನೋಡುವ ಮೆಷಿನ್ ತರೋಣ. ಗಟ್ಟಿ ಹಾಲಿಗೂ ನೀರು ಹಾಲಿಗೂ ಒಂದೇ ರೇಟು ಯಾಕೆ? ಕರಪತ್ರದಲ್ಲಿ ಮೆಷಿನ್ ಮಾಯ. ಕತ್ತರಿ ಮಾತ್ರ ಉಳಿದಿತ್ತು.

ಅವಳ ಗಂಡ ಆಗಲೇ ಮನೆಮನೆಗೆ ಹೋಗಿ ಕರಪತ್ರ ವಾಪಸ್ ಈಸಿಕೊಳ್ಳುತ್ತಿದ್ದ. "ಎಲ್ಲಾನೂ ಒಲೆಗಾಕ್ಬುಡ್ತೀನಿ ಕಣಕ್ಕ!"

ಸಾಕಮ್ಮನ ಕಣ್ಣು ಕೆಂಪಾಗಿತ್ತು. "ನಾಡಿದ್ದೇ ಓಟು. ನಂಗೆ ಆಕ್ಬ್ಯಾಡಿ ಅಂತ ಏಳ್ಬುಡ್ತೀನಿ. ನಮಗ್ಯಾಕಕ್ಕ ಈ ಉಸಾಬರಿ?"

ನನಗೆ ಮೈಸೂರಿನ ಕಾನ್ವೆಂಟಿನಲ್ಲಿ ಹಿಸ್ಟರಿ ಹೇಳಿಕೊಟ್ಟ ಸಿಸ್ಟರ್ ನೆನಪಾದರು. ಹದಿನೇಳನೇ ಶತಮಾನದ ಇಂಗ್ಲೆಂಡ್. ರಾಜ ದೊಡ್ಡವನೋ ಪಾರ್ಲಿಮೆಂಟ್ ದೊಡ್ಡದೋ? ಬ್ಯಾಂಕ್ ಬೇಕೋ ಬೇಡವೋ? ಸವೆದ ನಾಣ್ಯಕ್ಕೆ ಏನು ಗತಿ? ಎಲ್ಲದಕ್ಕೂ ಪ್ಯಾಂಫ್ಲೆಟ್, ಅಂದರೆ ಇಂಥದೇ ಕರಪತ್ರ! ಬರೆದವರಲ್ಲಿ ಎಷ್ಟೋ ಜನ ಹೆಸರು ಮುಚ್ಚಿಟ್ಟ ಹಿತೈಷಿಗಳೇ. (ಹೆಸರು ಹಾಕಿ ಸಿಕ್ಕಿಬಿದ್ದರೆ ಕಿವಿಯನ್ನೇ ಕತ್ತರಿಸಿದ್ದುಂಟು, ಪಾಪ. ನಮ್ಮ ಡೇರಿಯಲ್ಲಿ ಯಾರ ಕಿವಿಗೂ ಅಪಾಯವಿಲ್ಲ.) ಆದರೆ ಅವರಲ್ಲಿ ಜಾಣರಾದವರು ಎದುರಾಳಿಯ ಪ್ಯಾಂಫ್ಲೆಟ್ ಸುಡುತ್ತಿರಲಿಲ್ಲವಂತೆ. ಅವನ ಮಾತನ್ನೇ ಮೊದಲು ಅಚ್ಚು ಹಾಕಿಸಿ, ಕೆಳಗೆ ತಮ್ಮ ಉತ್ತರ ಬರೆಯುತ್ತಿದ್ದರಂತೆ.

"ಸುಟ್ಟರೆ ನಿಜಾನೇ ಇರಬೇಕು ಅಂತಾರೆ ಜನ, ಸಾಕಮ್ಮ. ಇದನ್ನೇ ಮತ್ತೆ ಅಚ್ಚು ಹಾಕಿಸೋಣ" ಎಂದೆ.

"ನನ್ ಬೈದಿರೋದ ನಾನೇ ಅಚ್ಚಾಕ್ಸದಾ? ನಿಮಗೇನ್ ತಲೆಗಿಲೆ ಕೆಟ್ಟದಾ ಅಕ್ಕ?"

ಹಾಗಂದವಳೇ ಸೀರೆ ಬದಲಾಯಿಸಿ ನನ್ನ ಜೊತೆ ಬಸ್ಸು ಹತ್ತಿದಳು. ಶ್ರೀರಂಗಪಟ್ಟಣದ ಪ್ರೆಸ್ಸಿನಲ್ಲಿ ಕೂತು ಬರೆದೆವು. ಮೇಲೆ ಹಿತೈಷಿಯ ಮಾತು, ಒಂದಕ್ಷರ ಬಿಡದೆ. ಕೆಳಗೆ ಉತ್ತರ: 'ಹೌದು, ಈ ವರ್ಷ ಬೋನಸ್ ಕಮ್ಮಿಯಾಗುತ್ತೆ. ಮೆಷಿನ್ ಬರುತ್ತೆ. ಆಮೇಲೆ ಗಟ್ಟಿ ಹಾಲಿಗೆ ತಕ್ಕ ಬೆಲೆ.' ಆ 'ಹೌದು' ಬೇಡವೇನೋ ಎಂದು ನನಗೇ ಅಳುಕು. ಸಾಕಮ್ಮ ಬಿಡಲಿಲ್ಲ. "ಇರ್ಲಿ ಬುಡಿ. ದಿಟ ತಾನೆ?" ಕೊನೆಗೆ ಅವಳ ಪೂರ್ತಿ ಹೆಸರು. ಜೊತೆಗೆ 'ಮಾರಮ್ಮನ ಗುಡಿ ಹಿಂದಿನ ಮನೆ' ಅಂತಲೂ ಹಾಕಿಸಿದಳು.

ಸಂಜೆ ಡೇರಿ ಮುಂದೆ ಕ್ಯಾನ್ ಹಿಡಿದು ನಿಂತವರಿಗೆಲ್ಲ ಹಂಚಿದೆವು. ಯಾರೋ ಗಟ್ಟಿಯಾಗಿ ಓದಿದರು. ಎರಡನ್ನೂ, ಮೇಲಿಂದ ಕೆಳಗಿನವರೆಗೆ. ಸಾಕಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಳು.

ಎದುರುಮನೆ ನಿಂಗಮ್ಮಜ್ಜಿ ಕ್ಯಾನಿಗೆ ಮುಚ್ಚಳ ಒತ್ತುತ್ತಾ ಅಂದರು: "ಬೆಳಿಗ್ಗೆ ಪೇಪರ್ ಒಳಗೆ ಬಂದಿದ್ನಲ್ಲ ಇತೈಸಿ, ಅವನ ಮನೆ ಯಾವ್ದು ಅಂತ್ಲೇ ಗೊತ್ತಿಲ್ಲ. ಇವಳು ಏಳಿದ್ದು ಸುಳ್ಳಾದ್ರೆ, ಓಗಿ ಜಗಳ ಆಡಕ್ಕೆ ಒಂದು ಬಾಗ್ಲಾದ್ರೂ ಅದೆ ಬುಡವ್ವ!"